ಜಗತ್ತು ನಮ್ಮನ್ನು ಗಮನಿಸುವುದೇ ಇಲ್ಲವಾದರೆ ಬದುಕಿಗೆ ಅರ್ಥವೆಲ್ಲಿ? ಪದೇ ಪದೇ ಕೇಳುವ ಪ್ರಶ್ನೆಗಳು

ತರಗತಿಗಳಲ್ಲಿ, ಓದುಗರ ಪತ್ರಗಳಲ್ಲಿ, ಸೂತಕದ ಮನೆಯ ಜಗಲಿಗಳಲ್ಲಿ ಎದುರಾಗುತ್ತಲೇ ಇರುವ ಪ್ರಶ್ನೆಗಳಿವು. ಕೇಳಿದವರ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿದ್ದೇನೆ, ಸಿಟ್ಟಿದ್ದಲ್ಲಿ ಸಿಟ್ಟನ್ನೂ. ಸರಳವಾದವು ಮೊದಲು, ತಲೆ ತಿನ್ನುವವು ಕೊನೆಗೆ. ಯಾವುದರಿಂದ ಬೇಕಾದರೂ ಓದು ಶುರು ಮಾಡಬಹುದು.

## ಮೊದಲು ಕೇಳುವವು

ಬದುಕಿಗೆ ಅರ್ಥ ಇದೆಯೋ ಇಲ್ಲವೋ? ಸುತ್ತಿ ಬಳಸದೆ ಹೇಳಿ.

ಇಡೀ ವಿಶ್ವದ ಮಟ್ಟಿಗೆ ಕೇಳುತ್ತಿದ್ದರೆ, ನನಗೆ ಕಾಣುತ್ತಿಲ್ಲ. ನಿಮ್ಮ ಬದುಕು ನಿಮಗೆ ಮತ್ತು ನಿಮ್ಮ ಸುತ್ತಲಿನ ಕೆಲವರಿಗೆ ಎಂದು ಕೇಳುತ್ತಿದ್ದರೆ, ಇದೆ. ಪ್ರಶ್ನೆ ಕೇಳುವಾಗ ‘ಯಾರಿಗೆ’ ಎಂಬುದನ್ನು ಬಿಟ್ಟುಬಿಡುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ. ಜ್ವರದಿಂದ ಬಳಲುವ ಮಗುವಿನ ಹಣೆಗೆ ನಡುರಾತ್ರಿ ಒದ್ದೆ ಬಟ್ಟೆ ಹಾಕುವ ಕೆಲಸ ಮಗುವಿಗೆ ಮುಖ್ಯ, ಹಾಕುವವರಿಗೂ ಮುಖ್ಯ, ಆಕಾಶಗಂಗೆಗೆ ಮುಖ್ಯವಲ್ಲ. ಮೂರನೆಯ ಮಾತು ನಿಜವಾದ ಮಾತ್ರಕ್ಕೆ ಮೊದಲೆರಡು ಸುಳ್ಳಾಗುವುದಿಲ್ಲ. ಈ ಪುಟದಲ್ಲಿ ನಾನು ವಾದಿಸುವುದು ಬಹುಮಟ್ಟಿಗೆ ಇಷ್ಟನ್ನೇ. ಒಪ್ಪದವರಿಗೆ ಕೊನೆಯ ಭಾಗದಲ್ಲಿ ಸಾಕಷ್ಟು ಜಾಗವಿದೆ.

ಜಗತ್ತು ನಿರ್ಲಿಪ್ತ ಎಂದು ನಯವಾಗಿ ಹೇಳುತ್ತೀರಿ. ಕ್ರೂರ ಎಂದೇ ಹೇಳಬಾರದೇ?

ಕ್ರೂರಿಯಾಗಲು ನಮ್ಮ ಕಡೆ ಗಮನವಾದರೂ ಇರಬೇಕು. ಜಗತ್ತಿಗೆ ಅಷ್ಟೂ ಇಲ್ಲ.

1755ರ ನವೆಂಬರ್ 1ರಂದು ಪೋರ್ಚುಗಲ್ಲಿನ ಲಿಸ್ಬನ್ ನಗರದಲ್ಲಿ ಭೂಕಂಪವಾಯಿತು. ಅಂದು ಸಕಲ ಸಂತರ ಹಬ್ಬ. ಇಗರ್ಜಿಗಳು ತುಂಬಿದ್ದವು, ಮೇಣದ ಬತ್ತಿಗಳು ಉರಿಯುತ್ತಿದ್ದವು. ನೆಲ ನಡುಗಿ ಕಟ್ಟಡಗಳು ಬಿದ್ದವು, ಆಮೇಲೆ ಸಮುದ್ರ ಉಕ್ಕಿ ಬಂತು, ಅಳಿದುಳಿದದ್ದನ್ನು ಬೆಂಕಿ ತಿಂದಿತು. ಪ್ರಾರ್ಥನೆಗೆ ಬಂದವರೇ ಮೊದಲು ಸತ್ತದ್ದನ್ನು ಕಂಡು ಯೂರೋಪಿನ ಪಂಡಿತರು ವರ್ಷಗಟ್ಟಲೆ ಕಾದಾಡಿದರು. ಎಲ್ಲವೂ ಒಳ್ಳೆಯದಕ್ಕೇ ಎನ್ನುವ ತತ್ತ್ವವನ್ನು ಫ್ರಾನ್ಸಿನ ಲೇಖಕ ವೋಲ್ಟೇರ್ ಹಂಗಿಸಿದ. ಆದರೆ ಆ ಜಗಳದಲ್ಲಿ ನನಗೆ ಹೆಚ್ಚು ಹಿಡಿಸುವುದು 1756ರಲ್ಲಿ ಚಿಂತಕ ರೂಸೋ ಅವನಿಗೆ ಬರೆದ ಪತ್ರ. ಆರೇಳು ಅಂತಸ್ತಿನ ಸಾವಿರಾರು ಮನೆಗಳನ್ನು ಅಲ್ಲಿ ಒತ್ತೊತ್ತಾಗಿ ಕಟ್ಟಿದ್ದು ಪ್ರಕೃತಿಯಲ್ಲ ಎಂದು ಅವನು ನೆನಪಿಸಿದ.

ಈ ಭೇದ ನಮಗೆ ಇವತ್ತಿಗೂ ಬೇಕು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದವು. ಮಳೆಗೆ ಯಾರ ಮೇಲೂ ಹಗೆಯಿರಲಿಲ್ಲ. ಆದರೆ ಇಳಿಜಾರನ್ನು ಕಡಿದು ರಸ್ತೆ, ನಿವೇಶನ ಮಾಡಿದ್ದು ಮಳೆಯಲ್ಲ. ಪ್ರಕೃತಿಯ ನಿರ್ಲಿಪ್ತತೆಯನ್ನು ಸಹಿಸಿಕೊಳ್ಳಬೇಕಾಗುತ್ತದೆ, ಬೇರೆ ದಾರಿಯಿಲ್ಲ. ಮನುಷ್ಯರ ನಿರ್ಲಕ್ಷ್ಯವನ್ನು ಹಾಗೆ ಸಹಿಸಬೇಕಾಗಿಲ್ಲ. ಎರಡನೆಯದಕ್ಕೆ ‘ವಿಧಿ’ ಎಂದು ಹೆಸರಿಟ್ಟು ತಪ್ಪಿಸಿಕೊಳ್ಳುವವರನ್ನು ಕಂಡರೆ ನನಗೆ ತಾಳ್ಮೆ ಉಳಿಯುವುದಿಲ್ಲ.

ಇದೆಲ್ಲ ಹೊಟ್ಟೆ ತುಂಬಿದ ಪಾಶ್ಚಾತ್ಯರ ಚಿಂತೆ. ನಮ್ಮ ನೆಲದಲ್ಲಿ ಇದಕ್ಕೆ ಜಾಗವೆಲ್ಲಿದೆ?

ಇದರಲ್ಲಿ ಎರಡು ಆರೋಪಗಳಿವೆ, ಬಿಡಿಸಿ ನೋಡೋಣ.

ಪಾಶ್ಚಾತ್ಯ ಎನ್ನುವುದು ನಿಲ್ಲುವುದಿಲ್ಲ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷನ ಗುರುವಾಗಿದ್ದ ಜಿನಸೇನಾಚಾರ್ಯರು, ಈ ಲೋಕವನ್ನು ಯಾರೋ ಒಬ್ಬ ಕರ್ತೃ ಸೃಷ್ಟಿಸಿದ ಎಂಬ ಮಾತನ್ನು ಸಂಸ್ಕೃತ ಶ್ಲೋಕಗಳಲ್ಲಿ ಒಂದೊಂದಾಗಿ ಎಳೆ ಬಿಡಿಸಿ ಅಲ್ಲಗಳೆದಿದ್ದಾರೆ. ಜೈನರ ಪಾಲಿಗೆ ಲೋಕಕ್ಕೆ ಆದಿಯೂ ಇಲ್ಲ, ಒಡೆಯನೂ ಇಲ್ಲ. ಕರ್ಮ ನ್ಯಾಯಾಧೀಶನಿಲ್ಲದೆ ತಾನಾಗಿ ನಡೆಯುತ್ತದೆ. ಆದರೂ ಆ ಪರಂಪರೆ ಕೈಚೆಲ್ಲಿ ಕೂರಲಿಲ್ಲ. ಬಸದಿ ಕಟ್ಟಿತು, ಕಾವ್ಯ ಬರೆಸಿತು, ಇರುವೆಯನ್ನೂ ನೋಡಿಕೊಂಡು ಹೆಜ್ಜೆಯಿಡುವುದನ್ನು ಕಲಿಸಿತು. ವೇದದ ಕರ್ಮಕಾಂಡವನ್ನೇ ಮುಖ್ಯವೆಂದ ಮೀಮಾಂಸಕರೂ ಸೃಷ್ಟಿಕರ್ತನನ್ನು ಒಪ್ಪಲಿಲ್ಲ, ಯಜ್ಞವನ್ನು ಮಾತ್ರ ಬಿಡಲಿಲ್ಲ. ಇನ್ನು ಬುದ್ಧನ ಕಾಲದ ಆಜೀವಿಕ ಎಂಬ ಪಂಥದ ಗುರು ಮಕ್ಖಲಿ ಗೋಸಾಲನಂತೂ ಎಲ್ಲವೂ ನಿಯತಿ, ಮನುಷ್ಯಪ್ರಯತ್ನಕ್ಕೆ ಕವಡೆಯ ಬೆಲೆಯಿಲ್ಲ ಎಂದ. ಅವನ ಅನುಯಾಯಿಗಳು ದಕ್ಷಿಣ ಭಾರತದಲ್ಲಿ ಸುಮಾರು ಹದಿನಾಲ್ಕನೆಯ ಶತಮಾನದವರೆಗೂ ಇದ್ದರು. ನಮ್ಮಜ್ಜಂದಿರಿಗೆ ಈ ಪ್ರಶ್ನೆ ಹೊಸದೇನಾಗಿರಲಿಲ್ಲ.

ಹೊಟ್ಟೆ ತುಂಬಿದವರು ಎನ್ನುವುದರಲ್ಲಿ ಸ್ವಲ್ಪ ಸತ್ಯವಿದೆ. ಶಿಗೆಹಿರೊ ಒಯಿಶಿ ಮತ್ತು ಎಡ್ ಡೀನರ್ ಎಂಬ ಮನೋವಿಜ್ಞಾನಿಗಳು 132 ದೇಶಗಳ ಸಮೀಕ್ಷೆಯ ಮಾಹಿತಿಯನ್ನು ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತಮ್ಮ ಬದುಕಿಗೆ ಅರ್ಥವಿದೆ ಎಂದವರ ಪ್ರಮಾಣ ಶ್ರೀಮಂತ ದೇಶಗಳಿಗಿಂತ ಬಡ ದೇಶಗಳಲ್ಲೇ ಹೆಚ್ಚು; ಧಾರ್ಮಿಕತೆ ಅದಕ್ಕೆ ಒಂದು ದೊಡ್ಡ ಕಾರಣ. ಹಾಗೆಂದು ಬಡತನ ಒಳ್ಳೆಯದು ಎಂದು ಯಾರೂ ಓದಿಕೊಳ್ಳಬಾರದು. ಅದೇ ಅಧ್ಯಯನದಲ್ಲಿ ಬದುಕು ತೃಪ್ತಿಕರವಾಗಿದೆ ಎಂದವರು ಶ್ರೀಮಂತ ದೇಶಗಳಲ್ಲೇ ಹೆಚ್ಚು. ಸತತ ಮೂರು ಬೆಳೆ ಕಳೆದುಕೊಂಡ ರೈತ ‘ಅಸ್ತಿತ್ವದ ಬಿಕ್ಕಟ್ಟು’ ಎನ್ನುವುದಿಲ್ಲ, ‘ಯಾರಿಗೋಸ್ಕರ ದುಡಿದೆನೋ’ ಎನ್ನುತ್ತಾನೆ. ಪ್ರಶ್ನೆ ಅದೇ, ಇನ್ನೂ ಸ್ಪಷ್ಟವಾಗಿದೆ ಅಷ್ಟೆ.

ದೇವರನ್ನು ನಂಬುವವರಿಗೆ ಈ ತಾಪತ್ರಯ ಇಲ್ಲ, ಅಲ್ಲವೇ?

ಇದೆ. ನಂಬುವವರಿಗೆ ‘ಯಾಕೆ ಹೀಗೆ ಮಾಡಿದೆ’ ಎಂದು ಜಗಳವಾಡಲು ಒಬ್ಬನಿದ್ದಾನೆ, ನಂಬದವರಿಗೆ ಆ ಅನುಕೂಲವಿಲ್ಲ. ಅಷ್ಟೇ ವ್ಯತ್ಯಾಸ. ಯಾರ ನಂಬಿಕೆಯನ್ನೂ ಕೀಳಲು ನಾನಿಲ್ಲಿ ಕುಳಿತಿಲ್ಲ. ಇಲ್ಲಿನ ಬಹುಪಾಲು ಮಾತು ಆಸ್ತಿಕರಿಗೂ ಒಪ್ಪುತ್ತದೆ.

## ದಿನದಿನದ ಬದುಕಿನಿಂದ ಬಂದವು

ನನ್ನ ತಂಗಿ ಯಾರಿಗೂ ಕೆಡುಕು ಮಾಡಿದವಳಲ್ಲ. ಅವಳಿಗೇ ಏಕೆ ಕ್ಯಾನ್ಸರ್ ಬಂತು? ಎಲ್ಲರೂ ಕರ್ಮ ಎನ್ನುತ್ತಾರೆ.

ನಿಮ್ಮ ತಂಗಿಯ ಜೀವಕೋಶಗಳಿಗೆ ಅವರ ಒಳ್ಳೆಯತನ ಗೊತ್ತಿರಲಿಲ್ಲ. ಕೋಶ ವಿಭಜನೆಯಾಗುವಾಗ ನಡೆಯುವ ತಪ್ಪುಗಳಲ್ಲಿ ಎಷ್ಟೋ ಆಕಸ್ಮಿಕ. ಈ ಉತ್ತರ ತಣ್ಣಗಿದೆ ಎಂದು ಗೊತ್ತು. ಆದರೆ ಇದು ಅವರ ಮೇಲೆ ಆಪಾದನೆ ಹೊರಿಸುವುದಿಲ್ಲ. ಕರ್ಮ ಎನ್ನುವ ಉತ್ತರ ನೋವಿಗೆ ಅಪರಾಧವನ್ನೂ ಸೇರಿಸಿ ಕೊಡುತ್ತದೆ.

ಬಹಳ ದೊಡ್ಡವರೂ ಈ ಆಕರ್ಷಣೆಗೆ ಸಿಕ್ಕಿದ್ದಾರೆ. 1934ರ ಜನವರಿ 15ರಂದು ಬಿಹಾರದಲ್ಲಿ ಭೀಕರ ಭೂಕಂಪವಾಯಿತು, ಸಾವಿರಾರು ಜನ ಸತ್ತರು. ಅಸ್ಪೃಶ್ಯತೆಯ ವಿರುದ್ಧ ದೇಶ ಸುತ್ತುತ್ತಿದ್ದ ಗಾಂಧೀಜಿ, ಇದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದರು. ಅಸ್ಪೃಶ್ಯತೆಯನ್ನು ಅಷ್ಟೇ ವಿರೋಧಿಸುತ್ತಿದ್ದ ರವೀಂದ್ರನಾಥ ಠಾಕೂರರು ಇದನ್ನು ಒಪ್ಪಲಿಲ್ಲ. ಭೌತಿಕ ಅನಾಹುತಕ್ಕೆ ಭೌತಿಕ ಕಾರಣಗಳೇ ಇರುತ್ತವೆ, ನೀತಿಯನ್ನು ಭೂಕಂಪಕ್ಕೆ ಕಟ್ಟಿಹಾಕುವುದು ಜನರ ವಿವೇಕವನ್ನು ಇನ್ನಷ್ಟು ಕುಂದಿಸುತ್ತದೆ ಎಂಬರ್ಥದಲ್ಲಿ ಪ್ರತಿಭಟಿಸಿ ಬರೆದರು. ಗಾಂಧೀಜಿ ಆ ಬರಹವನ್ನು ತಮ್ಮ ‘ಹರಿಜನ’ ಪತ್ರಿಕೆಯಲ್ಲೇ ಅಚ್ಚು ಹಾಕಿಸಿ, ಪಕ್ಕದಲ್ಲಿ ತಮ್ಮ ನಿಲುವನ್ನೂ ಬಿಡದೆ ಬರೆದರು. ಈ ವಾದದಲ್ಲಿ ನಾನು ಠಾಕೂರರ ಕಡೆ. ಬಿಹಾರದಲ್ಲಿ ಅಸ್ಪೃಶ್ಯತೆಗೆ ಬಲಿಯಾದವರ ಗುಡಿಸಲುಗಳೂ ಬಿದ್ದಿದ್ದವು. ಅವರಿಗೆ ಯಾವ ಪಾಪದ ಶಿಕ್ಷೆ?

ನಮಗೇಕೆ ಇಂಥ ಉತ್ತರ ಬೇಕೆನಿಸುತ್ತದೆ? ಮೆಲ್ವಿನ್ ಲರ್ನರ್ ಎಂಬ ಮನೋವಿಜ್ಞಾನಿ 1960ರ ದಶಕದಲ್ಲಿ ನಡೆಸಿದ ಪ್ರಯೋಗಗಳಲ್ಲಿ, ಯಾರೋ ಸುಮ್ಮನೆ ನೋವು ತಿನ್ನುವುದನ್ನು ನೋಡುವವರು, ಅದನ್ನು ತಡೆಯಲು ಆಗದಿದ್ದಾಗ, ನೋವು ತಿನ್ನುವವರನ್ನೇ ಕೀಳಾಗಿ ಕಾಣತೊಡಗುವುದು ಕಂಡುಬಂತು. ಲೋಕ ನ್ಯಾಯವಾಗಿದೆ ಎಂಬ ನಂಬಿಕೆ ಉಳಿಯಬೇಕಾದರೆ ಅವರಲ್ಲೇ ಏನೋ ದೋಷವಿರಬೇಕು. ‘ಕರ್ಮ’ ಎನ್ನುವ ನೆಂಟರು ಕೆಟ್ಟವರಲ್ಲ, ಹೆದರಿದವರು. ನಾಳೆ ತಮಗೂ ಬರಬಹುದು ಎಂಬುದನ್ನು ಒಪ್ಪಲಾರದವರು. ಅವರೊಡನೆ ವಾದ ಬೇಡ. ಕೀಮೋಥೆರಪಿಗೆ ಕರೆದೊಯ್ಯುವ ಸರದಿಯನ್ನು ಅವರಿಗೂ ಹಂಚಿ; ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತವರ ಬಾಯಲ್ಲಿ ಆ ಪದ ಅಷ್ಟು ಸಲೀಸಾಗಿ ಬರುವುದಿಲ್ಲ.

ಒಳ್ಳೆಯ ಸಂಬಳವಿದೆ, ಕೆಲಸದಲ್ಲಿ ಅರ್ಥವೇ ಇಲ್ಲ. ಬಿಟ್ಟು ಊರಿಗೆ ಹೋಗಿ ಸಾವಯವ ಕೃಷಿ ಮಾಡಲೇ?

ಊರಿನಲ್ಲಿರುವ ನಿಮ್ಮ ದಾಯಾದಿಯನ್ನು ಒಮ್ಮೆ ಕೇಳಿ ನೋಡಿ. ಕೃಷಿಯಲ್ಲಿ ಅರ್ಥ ಧಾರಾಳವಾಗಿ ಸಿಗುತ್ತದೆ, ಬೆಲೆ ಮಾತ್ರ ಸಿಗುವುದಿಲ್ಲ ಎಂದು ಅವರೇ ಹೇಳಿಯಾರು.

ತಮಾಷೆ ಸಾಕು. ಕೆಲಸ ಅರ್ಥಹೀನ ಎನಿಸಲು ಸಾಮಾನ್ಯವಾಗಿ ಮೂರರಲ್ಲಿ ಒಂದು ಕಾರಣವಿರುತ್ತದೆ: ಆ ಕೆಲಸ ಯಾರಿಗೆ ತಲುಪುತ್ತದೆ ಎಂಬುದು ಕಾಣುತ್ತಿಲ್ಲ, ಅಥವಾ ಅದು ತಲುಪುವವರಿಗೆ ಕೆಡುಕಾಗುತ್ತಿದೆ, ಅಥವಾ ನೀವು ಸುಸ್ತಾಗಿದ್ದೀರಿ. ಮೂರನೆಯದಕ್ಕೆ ರಜೆ ಸಾಕು. ಮೊದಲನೆಯದಕ್ಕೆ, ನಿಮ್ಮ ಕೆಲಸವನ್ನು ಬಳಸುವವರನ್ನು ಒಂದು ದಿನವಾದರೂ ಹೋಗಿ ನೋಡಿ. ಎರಡನೆಯದಾದರೆ ಬಿಡುವ ಯೋಚನೆ ಸರಿಯಾದದ್ದೇ, ಸಾಲದ ಕಂತು ನೋಡಿಕೊಂಡು.

ಕಾಯಕದ ಮಾತು ಬಂದಾಗ ಎಲ್ಲರೂ ಆಯ್ದಕ್ಕಿ ಮಾರಯ್ಯನನ್ನು ನೆನೆಯುತ್ತಾರೆ. ನನಗೆ ನೆನಪಾಗುವುದು ಅವನ ಹೆಂಡತಿ ಲಕ್ಕಮ್ಮ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಮರಳಿ ಅಲ್ಲೇ ಸುರಿದು ಬಾ ಎಂದವಳು ಆಕೆ. ಹನ್ನೆರಡನೆಯ ಶತಮಾನದ ಈ ದಂಪತಿಗೆ ಕೆಲಸದ ಅರ್ಥದ ಜತೆಗೆ ಕೆಲಸದ ಮಿತಿಯೂ ತಿಳಿದಿತ್ತು. ‘ಕೆಲಸವೇ ಪೂಜೆ’ ಎಂದು ಗೋಡೆಗೆ ಅಂಟಿಸಿ ರಾತ್ರಿ ಹತ್ತರವರೆಗೆ ದುಡಿಸುವ ಕಚೇರಿಗಳು ಈ ಎರಡನೆಯ ಭಾಗವನ್ನು ಸಲೀಸಾಗಿ ಮರೆಯುತ್ತವೆ.

ನನ್ನ ಬದುಕಿನ ಉದ್ದೇಶ ಏನೆಂದು ಕಂಡುಹಿಡಿಯುವುದು ಹೇಗೆ? ಇಪ್ಪತ್ತೆಂಟು ವರ್ಷವಾಯಿತು, ಇನ್ನೂ ಗೊತ್ತಿಲ್ಲ.

ಎಲ್ಲೋ ಅಡಗಿಸಿಟ್ಟದ್ದನ್ನು ಹುಡುಕುವಂತೆ ಹುಡುಕಬೇಡಿ, ಅಲ್ಲೇನೂ ಇಟ್ಟಿಲ್ಲ. ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬರನ್ನು ವಿದೇಶಿಯರೊಬ್ಬರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದರು. ಅಕ್ಷರ ಕಲಿಯದ ಹಾಜಬ್ಬರಿಗೆ ಉತ್ತರಿಸಲಾಗಲಿಲ್ಲ. ಆ ಅವಮಾನ ಅವರೊಳಗೆ ಕೂತಿತು. ಊರಾದ ನ್ಯೂಪಡ್ಪುವಿನಲ್ಲಿ ಶಾಲೆಯೇ ಇರಲಿಲ್ಲ. ಹಣ್ಣು ಮಾರಿದ ದುಡ್ಡನ್ನು ಕೂಡಿಟ್ಟು, ಕಚೇರಿಗಳ ಮೆಟ್ಟಿಲು ತುಳಿದು ಶಾಲೆ ಮಾಡಿಸಿದರು. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಆ ವಿದೇಶಿಯರು ಅಂದು ಬೇರೆ ರಸ್ತೆಯಲ್ಲಿ ಹೋಗಿದ್ದರೆ? ಅಸ್ತವ್ಯಸ್ತ ಜಗತ್ತು ಎಂದು ನಾವು ಬೈಯುತ್ತೇವಲ್ಲ, ಹಾಜಬ್ಬರ ಉದ್ದೇಶ ಬಂದದ್ದು ಅದೇ ಅಸ್ತವ್ಯಸ್ತದಿಂದ. ಆಕಸ್ಮಿಕವಾಗಿ ಸಿಕ್ಕಿದ್ದನ್ನು ಅವರು ವರ್ಷಗಟ್ಟಲೆ ಬಿಡದೆ ಹಿಡಿದುಕೊಂಡರು.

ಆದ್ದರಿಂದ ನನ್ನ ಸಲಹೆ ಮಂದವಾದದ್ದು: ನಿಮ್ಮನ್ನು ಪದೇ ಪದೇ ಚುಚ್ಚುವ ಕೊರತೆ ಯಾವುದು ನೋಡಿ. ನಿಮ್ಮ ಬೀದಿಯಲ್ಲಿ, ನಿಮ್ಮ ಕಸುಬಿನಲ್ಲಿ, ನಿಮ್ಮ ಮನೆಯಲ್ಲಿ. ಅದರಿಂದ ಶುರು ಮಾಡಿ. ಇಪ್ಪತ್ತೆಂಟು ಏನೂ ತಡವಲ್ಲ.

ಬೆಳಗ್ಗೆ ಎದ್ದು ಸುದ್ದಿ ನೋಡಿದರೆ ಏನು ಮಾಡಿಯೂ ಉಪಯೋಗವಿಲ್ಲ ಎನಿಸುತ್ತದೆ.

ಮೊಬೈಲ್ ನಿಮಗೆ ಇಡೀ ಲೋಕದ ಸಂಕಟವನ್ನು ತೋರಿಸುತ್ತದೆ, ಕೈಗಳು ಮಾತ್ರ ಎರಡೇ ಇವೆ. ಸುದ್ದಿಯನ್ನು ಸಂಜೆ ಒಮ್ಮೆ ಓದಿ. ಒಂದು ವಿಷಯ ಆರಿಸಿಕೊಂಡು ಅದಕ್ಕೆ ಹಣವನ್ನೋ ಸಮಯವನ್ನೋ ಕೊಡಿ. ಉಳಿದವನ್ನು ಬೇರೆಯವರು ಆರಿಸಿಕೊಳ್ಳುತ್ತಾರೆ ಎಂದು ನಂಬಿ.

ನಮಗೆ ಮಕ್ಕಳಿಲ್ಲ. ನಾವು ಹೋದ ಮೇಲೆ ಏನೂ ಉಳಿಯುವುದಿಲ್ಲ ಎಂಬುದೇ ಕೊರೆಯುತ್ತದೆ.

ಇಲ್ಲಿ ಎಲ್ಲರೂ ಸಾಲುಮರದ ತಿಮ್ಮಕ್ಕನವರ ಹೆಸರು ಹೇಳುತ್ತಾರೆ. ಮಾಗಡಿ ತಾಲೂಕಿನ ಹುಲಿಕಲ್ ಮತ್ತು ಕುದೂರಿನ ನಡುವೆ ಗಂಡ ಚಿಕ್ಕಯ್ಯನವರ ಜತೆ ಆಲದ ಗಿಡಗಳನ್ನು ನೆಟ್ಟು, ಕೊಡಗಳಲ್ಲಿ ನೀರು ಹೊತ್ತು, ದನಕರು ತಿನ್ನದಂತೆ ಮುಳ್ಳುಬೇಲಿ ಕಟ್ಟಿ 385 ಮರಗಳನ್ನು ಬೆಳೆಸಿದರು. 2019ರಲ್ಲಿ ಪದ್ಮಶ್ರೀ ಬಂತು. ಮಕ್ಕಳಿಲ್ಲದ ಕೊರಗಿನಿಂದ ಮರಗಳನ್ನೇ ಮಕ್ಕಳಂತೆ ಸಾಕಿದರು ಎಂದು ಪಠ್ಯಪುಸ್ತಕಗಳು ಹೇಳುತ್ತವೆ, ಅವರೂ ಹಾಗೆ ಹೇಳಿದ್ದುಂಟು. ಆದರೂ ಅವರನ್ನು ಬಂಜೆತನದ ಸಮಾಧಾನ ಬಹುಮಾನವನ್ನಾಗಿ ಮಾಡುವುದು ನನಗೆ ಸರಿಕಾಣುವುದಿಲ್ಲ. ಬಿಸಿಲಲ್ಲಿ ನಡೆಯುವವರಿಗೆ ನೆರಳು ಬೇಕಿತ್ತು, ಅವರು ಮಾಡಿಕೊಟ್ಟರು. ಹತ್ತು ಮಕ್ಕಳ ತಾಯಿ ಮಾಡಿದ್ದರೂ ಅದು ಅಷ್ಟೇ ದೊಡ್ಡ ಕೆಲಸ.

ಇನ್ನು ‘ಉಳಿಯುವುದು’. 2019ರಲ್ಲೇ ರಸ್ತೆ ಅಗಲೀಕರಣಕ್ಕೆ ಆ ಮರಗಳು ಬಲಿಯಾಗುವ ಭಯ ಬಂದು, ತಿಮ್ಮಕ್ಕ ಸರ್ಕಾರದ ಮೊರೆ ಹೋಗಬೇಕಾಯಿತು. ಮರವೂ ಶಾಶ್ವತವಲ್ಲ, ಮಕ್ಕಳೂ ಅಲ್ಲ. ಮುತ್ತಜ್ಜನ ಅಪ್ಪನ ಹೆಸರು ಎಷ್ಟು ಜನಕ್ಕೆ ಗೊತ್ತಿದೆ ಎಂದು ಮಕ್ಕಳಿರುವವರನ್ನೇ ಕೇಳಿ ನೋಡಿ.

ನನಗೆ ಬಂದಿರುವುದು ತತ್ತ್ವಚಿಂತನೆಯೋ, ಖಿನ್ನತೆಯೋ? ಹೇಗೆ ತಿಳಿಯುವುದು?

ತತ್ತ್ವದ ಗೊಂದಲವಿರುವವರಿಗೆ ಸಾಮಾನ್ಯವಾಗಿ ಊಟ ರುಚಿಸುತ್ತದೆ, ಗೆಳೆಯರು ಬಂದರೆ ನಗು ಬರುತ್ತದೆ. ಎರಡು ವಾರಕ್ಕೂ ಮೇಲ್ಪಟ್ಟು ದಿನದ ಬಹುಪಾಲು ಮಂಕಾಗಿರುವುದು, ಇಷ್ಟವಾಗಿದ್ದದ್ದೂ ಬೇಡವಾಗುವುದು, ನಿದ್ರೆ ಹಸಿವು ಕೆಡುವುದು, ತಾನು ಯಾರಿಗೂ ಬೇಡದವನು ಎನಿಸುವುದು, ಸಾವಿನ ಯೋಚನೆ ಮರುಕಳಿಸುವುದು: ಇವು ಕಾಯಿಲೆಯ ಲಕ್ಷಣಗಳು, ಇದಕ್ಕೆ ಚಿಕಿತ್ಸೆ ಇದೆ. ಪುಸ್ತಕ ಓದಿ ಇದನ್ನು ಗೆಲ್ಲಲು ಹೊರಡಬೇಡಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೂ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಸಾಯುವ ಯೋಚನೆ ಬರುತ್ತಿದ್ದರೆ ಈ ಪುಟ ಇಲ್ಲಿಗೇ ನಿಲ್ಲಲಿ. ಕರೆ ಮಾಡಿ, ಜತೆಗೆ ಮನೆಯಲ್ಲಿ ಒಬ್ಬರಿಗಾದರೂ ಹೇಳಿ.

## ಆಳಕ್ಕೆ ಇಳಿಯುವವು

ಸೂರ್ಯನೇ ಒಂದು ದಿನ ಆರಿಹೋಗುತ್ತಾನೆ. ಹಾಗಿದ್ದ ಮೇಲೆ ನಾವು ಮಾಡುವುದಕ್ಕೆಲ್ಲ ಏನು ಬೆಲೆ?

ಬೆಂಗಳೂರಿನ ಲಾಲ್‌ಬಾಗಿನ ಬಂಡೆಯ ಮೇಲೆ ಸಂಜೆ ಕುಳಿತು ಕಡಲೆಕಾಯಿ ತಿನ್ನುವವರು ಸುಮಾರು 300 ಕೋಟಿ ವರ್ಷ ಹಳೆಯದಾದ ಕಲ್ಲಿನ ಮೇಲೆ ಕುಳಿತಿರುತ್ತಾರೆ. ಅದಕ್ಕೆ ಕೆಂಪೇಗೌಡರ ಹೆಸರಿನ ಗೋಪುರವೂ ನಿನ್ನೆಯದು. ಸೂರ್ಯ ಉಬ್ಬಿ ಕೆಂಪು ದೈತ್ಯನಾಗಲು ಇನ್ನೂ ಸುಮಾರು 500 ಕೋಟಿ ವರ್ಷಗಳಿವೆ. ಈ ಸಂಖ್ಯೆಗಳು ತಲೆ ತಿರುಗಿಸುತ್ತವೆ, ನಿಜ. ಆದರೆ ಅವುಗಳಿಂದ ಹೊರಡುವ ವಾದ ಅಷ್ಟು ಗಟ್ಟಿಯಲ್ಲ.

ಅಮೆರಿಕದ ತತ್ತ್ವಜ್ಞಾನಿ ಥಾಮಸ್ ನೇಗಲ್ 1971ರಲ್ಲಿ ಅದರ ಬುಡಕ್ಕೇ ಕೈಹಾಕಿದರು. ಇಂದು ನಾವು ಮಾಡುವುದು ಹತ್ತು ಲಕ್ಷ ವರ್ಷಗಳ ನಂತರ ಮುಖ್ಯವಲ್ಲ ಎನ್ನುವಿರಾದರೆ, ಹತ್ತು ಲಕ್ಷ ವರ್ಷಗಳ ನಂತರದ ಸ್ಥಿತಿಯೂ ಇಂದು ಮುಖ್ಯವಾಗಬೇಕಿಲ್ಲ. ನಾವೇಕೆ ದೂರದ ಕಾಲಕ್ಕೆ ಮಾತ್ರ ನ್ಯಾಯಾಧೀಶನ ಪೀಠ ಕೊಡುತ್ತೇವೆ? ಇನ್ನೂ ಒಂದು ಮಾತು: ನಶ್ವರವಾದ್ದರಿಂದ ಬೆಲೆಯಿಲ್ಲದ್ದು, ಶಾಶ್ವತವಾದರೆ ಬೆಲೆ ಬರುತ್ತದೆಯೇ? ಬೇಸರದ ಭಾಷಣವೊಂದು ಎಂದೆಂದಿಗೂ ಮುಗಿಯದೆ ನಡೆದರೆ ಅದಕ್ಕೆ ಅರ್ಥ ಬರುವುದಿಲ್ಲ.

ಕಾಮು ಹೇಳಿದ ‘ಅಸಂಗತ’ ಎಂದರೆ ‘ಎಲ್ಲ ವ್ಯರ್ಥ’ ಎಂದೇ ಅಲ್ಲವೇ?

ಅಲ್ಲ. ನವ್ಯದ ಕಾಲದಲ್ಲಿ ನಮ್ಮಲ್ಲಿಯೂ ಅನೇಕರು ಹಾಗೆ ತಿಳಿದರು, ಗಡ್ಡ ಬಿಟ್ಟು ಸಿಗರೇಟು ಸೇದುವುದೇ ಅಸ್ತಿತ್ವವಾದ ಎನ್ನುವಷ್ಟರ ಮಟ್ಟಿಗೆ. ಫ್ರೆಂಚ್ ಲೇಖಕ ಆಲ್ಬರ್ಟ್ ಕಾಮು ಹುಟ್ಟಿದ್ದು 1913ರಲ್ಲಿ ಅಲ್ಜೀರಿಯಾದಲ್ಲಿ. ಅಪ್ಪ ಮೊದಲ ಮಹಾಯುದ್ಧದಲ್ಲಿ ಸತ್ತ. ಕಿವಿ ಮಂದವಾಗಿದ್ದ, ಓದು ಬರಹ ತಿಳಿಯದ ತಾಯಿ ಮನೆಗೆಲಸ ಮಾಡಿ ಸಾಕಿದಳು. ಹದಿನೇಳಕ್ಕೆ ಕ್ಷಯ. ಹೊಟ್ಟೆ ತುಂಬಿದವನ ಚಿಂತೆ ಎನ್ನುವವರಿಗೆ ಇಷ್ಟು ಸಾಕು.

ಅವನ ಪ್ರಕಾರ ಅಸಂಗತತೆ ಜಗತ್ತಿನಲ್ಲೂ ಇಲ್ಲ, ಮನುಷ್ಯನಲ್ಲೂ ಇಲ್ಲ. ಅರ್ಥ ಬೇಕೆಂದು ಕೂಗುವ ಮನುಷ್ಯ ಮತ್ತು ಉತ್ತರಿಸದ ಜಗತ್ತು ಎದುರುಬದುರಾದಾಗ ಅದು ಹುಟ್ಟುತ್ತದೆ. ಆ ಮುಖಾಮುಖಿಯಿಂದ ಓಡಿಹೋಗದೆ ಬದುಕುವುದೇ ಅವನು ಕಂಡ ದಾರಿ. 1942ರ ಪ್ರಬಂಧದಲ್ಲಿ ಇದಕ್ಕೆ ಅವನು ಆರಿಸಿದ್ದು, ಬಂಡೆಯನ್ನು ಗುಡ್ಡಕ್ಕೆ ಉರುಳಿಸಿ ಅದು ಮತ್ತೆ ಕೆಳಗುರುಳುವುದನ್ನು ನೋಡುತ್ತಲೇ ಇರಬೇಕಾದ ಗ್ರೀಕ್ ಪುರಾಣದ ಸಿಸಿಫಸ್‌ನನ್ನು. ನನ್ನ ತಕರಾರು ಇಲ್ಲೇ. ಸಿಸಿಫಸ್ ಒಂಟಿ. ಅವನ ಬಂಡೆ ಯಾರಿಗೂ ಬೇಡ. ಅದೇ ಬಂಡೆ ಉರುಳಿ ಕೆರೆಯ ಏರಿಗೆ ಬಿದ್ದಿದ್ದರೆ, ಬೆವರು ಅಷ್ಟೇ, ಕೆಲಸ ಬೇರೆಯೇ ಆಗಿಬಿಡುತ್ತಿತ್ತು. ಐದು ವರ್ಷಗಳ ನಂತರ ಕಾಮು ಸಾಂಕ್ರಾಮಿಕ ರೋಗದ ಊರಿನ ಕಾದಂಬರಿ ಬರೆಯುವ ಹೊತ್ತಿಗೆ ಅವನಿಗೂ ಇದು ಹೊಳೆದಿತ್ತೆಂದು ತೋರುತ್ತದೆ. ಅಲ್ಲಿರುವುದು ಒಬ್ಬ ವೈದ್ಯ ಮತ್ತು ಅವನ ಜತೆ ಸೇರಿದ ಹತ್ತಾರು ಸ್ವಯಂಸೇವಕರು, ಸೋಲು ಗೊತ್ತಿದ್ದೂ ದಿನದಿನದ ಕೆಲಸ ಮಾಡುವವರು.

1960ರ ಜನವರಿ 4ರಂದು ಕಾಮು ಕಾರು ಅಪಘಾತದಲ್ಲಿ ಸತ್ತಾಗ ಅವನ ಜೇಬಿನಲ್ಲಿ ಅದೇ ಪ್ರಯಾಣಕ್ಕೆ ಕೊಂಡಿದ್ದ, ಬಳಸದ ರೈಲು ಟಿಕೆಟ್ ಇತ್ತು. ಇದರಲ್ಲಿ ಗೂಢಾರ್ಥ ಹುಡುಕುವವರಿಗೆ ಅವನನ್ನು ಇನ್ನೊಮ್ಮೆ ಓದಿ ಎನ್ನುತ್ತೇನೆ.

ಫ್ರಾಂಕಲ್ ಯಾತನೆಗೂ ಅರ್ಥವಿದೆ ಎಂದರಲ್ಲ. ಹಾಗಾದರೆ ಯಾತನೆ ಒಳ್ಳೆಯದೇ?

ವಿಕ್ಟರ್ ಫ್ರಾಂಕಲ್ ಹಾಗೆ ಹೇಳಲಿಲ್ಲ. ವಿಯೆನ್ನಾದ ಈ ಯಹೂದಿ ಮನೋವೈದ್ಯರನ್ನು ನಾಜಿಗಳು 1942ರಲ್ಲಿ ಥೆರೇಸಿಯನ್‌ಸ್ಟಾಟ್ ಶಿಬಿರಕ್ಕೂ 1944ರಲ್ಲಿ ಆಶ್‌ವಿಟ್ಸ್‌ಗೂ ಸಾಗಿಸಿದರು. ತಂದೆ, ತಾಯಿ, ಅಣ್ಣ, ಹೆಂಡತಿ ಯಾರೂ ಉಳಿಯಲಿಲ್ಲ. ತಪ್ಪಿಸಬಹುದಾದ ಯಾತನೆಯ ಕಾರಣವನ್ನು ಮೊದಲು ತೆಗೆಯಬೇಕು, ತೆಗೆಯಬಹುದಾಗಿದ್ದೂ ಸಹಿಸುವುದು ವೀರತನವಲ್ಲ ಎಂದು ಅವರು ಸ್ಪಷ್ಟವಾಗಿಯೇ ಬರೆದಿದ್ದಾರೆ. ಏನೂ ಮಾಡಲಾಗದ ಸ್ಥಿತಿಯಲ್ಲೂ ಅದನ್ನು ಎದುರಿಸುವ ರೀತಿ ನಮ್ಮ ಕೈಯಲ್ಲಿರುತ್ತದೆ ಎಂಬುದಷ್ಟೇ ಅವರ ಮಾತು. ಅದಕ್ಕೂ ಮೊದಲು ಅವರು ಇಡುವುದು ಕೆಲಸ ಮತ್ತು ಪ್ರೀತಿ.

ಅರ್ಥ ಕಂಡುಕೊಂಡವರು ಬದುಕಿದರು, ಕಾಣದವರು ಸತ್ತರು ಎಂಬ ಕತೆಯನ್ನು ಪ್ರೇರಣಾ ಭಾಷಣಕಾರರು ಈಗ ಎಲ್ಲೆಡೆ ಹೇಳುತ್ತಾರೆ. ಇದು ಸತ್ತವರಿಗೆ ಮಾಡುವ ಅವಮಾನ. ಗ್ಯಾಸ್ ಕೋಣೆಯ ಸಾಲಿಗೆ ಕಳುಹಿಸುವ ಬೆರಳು ಯಾರ ಮನೋಭಾವವನ್ನೂ ವಿಚಾರಿಸುತ್ತಿರಲಿಲ್ಲ. ಉಳಿದು ಬಂದವರಲ್ಲಿ ಅದೃಷ್ಟದ ಪಾಲು ದೊಡ್ಡದು ಎಂಬುದನ್ನು ಫ್ರಾಂಕಲ್ ಮರೆಮಾಚಲಿಲ್ಲ.

ಅರ್ಥ ನಾವೇ ಕೊಟ್ಟುಕೊಳ್ಳುವುದಾದರೆ ದ್ವೇಷ ಹಂಚುವವನ ಬದುಕಿಗೂ ಅರ್ಥವಿದೆ ಎನ್ನಬೇಕಲ್ಲವೇ?

ಈ ಪ್ರಶ್ನೆಯೇ ನನಗೆ ಹೆಚ್ಚು ಕಷ್ಟ ಕೊಡುವುದು. ಗುಂಪು ಕಟ್ಟಿಕೊಂಡು ಅಂಗಡಿಗೆ ಬೆಂಕಿ ಹಚ್ಚುವವನಿಗೆ ತನ್ನ ಬದುಕು ಹಿಂದೆಂದೂ ಇಲ್ಲದಷ್ಟು ಅರ್ಥಪೂರ್ಣ ಎನಿಸುತ್ತಿರಬಹುದು. ಅನಿಸಿಕೆಯೊಂದೇ ಅಳತೆಯಾದರೆ ಅವನನ್ನು ಅಲ್ಲಗಳೆಯಲು ಆಗುವುದಿಲ್ಲ.

ಸೂಸನ್ ವೂಲ್ಫ್ ಎಂಬ ತತ್ತ್ವಜ್ಞಾನಿಯ ದಾರಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮನಸ್ಸು ಒಂದರಲ್ಲಿ ತೊಡಗಬೇಕು, ಮತ್ತು ಆ ಒಂದು ತೊಡಗಲು ಯೋಗ್ಯವಾಗಿಯೂ ಇರಬೇಕು. ಎರಡೂ ಕೂಡಿದಾಗಲೇ ಅರ್ಥ ಎನ್ನುತ್ತಾರೆ ಅವರು. ಯೋಗ್ಯ ಎಂದು ನಿರ್ಧರಿಸುವವರು ಯಾರು ಎಂದು ನೀವು ಕೇಳುತ್ತೀರಿ. ಪೂರ್ತಿ ಉತ್ತರ ನನ್ನಲ್ಲಿಲ್ಲ, ಆದರೆ ಒಂದು ಒರೆಗಲ್ಲು ಇದೆ: ಆ ಕೆಲಸದ ಇನ್ನೊಂದು ತುದಿಯಲ್ಲಿರುವವರನ್ನು ಕೇಳುವುದು. ಹಾಜಬ್ಬರ ಶಾಲೆಯ ಮಗುವನ್ನು ಕೇಳಬಹುದು. ಸುಟ್ಟ ಅಂಗಡಿಯ ಮಾಲೀಕನನ್ನೂ ಕೇಳಬಹುದು. ಯಾರ ಉತ್ತರ ಕೇಳಲು ಬೆಂಕಿ ಹಚ್ಚಿದವನು ಹೆದರುತ್ತಾನೋ ಅಲ್ಲಿ ಅವನ ಅರ್ಥ ಸೋರಿಹೋಗುತ್ತಿರುತ್ತದೆ.

ಇದೆಲ್ಲ ಮಾಯೆ ಎಂದು ತಿಳಿದು ದೂರ ಸರಿಯುವುದೇ ನಮ್ಮ ಹಿರಿಯರ ಉತ್ತರವಲ್ಲವೇ?

ಕೆಲವರದು ಹೌದು. ಎಲ್ಲರದಲ್ಲ. ವಿಶ್ವವೊಂದು ಬಿಡಿಸಲಾಗದ ಒಗಟು, ವಿಧಿಗೆ ಮನುಷ್ಯನ ಲೆಕ್ಕವಿಲ್ಲ ಎಂಬುದನ್ನು ಕನ್ನಡದಲ್ಲಿ ಡಿ.ವಿ. ಗುಂಡಪ್ಪನವರಷ್ಟು ಹೆಚ್ಚು ಪದ್ಯಗಳಲ್ಲಿ ಹೇಳಿದವರಿಲ್ಲ. ಹೆಂಡತಿಯನ್ನು ಅವರು ಬಹಳ ಬೇಗ ಕಳೆದುಕೊಂಡಿದ್ದರು. ಅವರ ಕಗ್ಗ ಪ್ರಕಟವಾದದ್ದು 1943ರಲ್ಲಿ. 1945ರಲ್ಲಿ ಅದೇ ಗುಂಡಪ್ಪನವರು ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಸ್ಥಾಪಿಸಿದರು. ಅದಕ್ಕೂ ಮುಂಚೆ ಮೈಸೂರು ಸಂಸ್ಥಾನದ ನ್ಯಾಯವಿಧಾಯಕ ಸಭೆಯಲ್ಲಿ ವರ್ಷಗಟ್ಟಲೆ ಕುಳಿತವರು ಅವರು. ಬ್ರಹ್ಮಾಂಡದ ಒಗಟು ಬಿಡಿಸಲಿ ಬಿಡಲಿ, ಸಾರ್ವಜನಿಕ ಕೆಲಸ ಕಾಯುವುದಿಲ್ಲ ಎಂಬುದು ಅವರ ಲೆಕ್ಕ. ನನಗೆ ಆ ಲೆಕ್ಕ ಒಪ್ಪಿಗೆ.

ಅರ್ಧದಲ್ಲೇ ಹೋದವರ ಬದುಕು? ಅದಕ್ಕೆ ಅರ್ಥ ಕೂಡಿಬರಲು ಸಮಯವೇ ಸಿಗಲಿಲ್ಲವಲ್ಲ.

ಕತೆಗಾರ್ತಿ ಕೊಡಗಿನ ಗೌರಮ್ಮ ಹುಟ್ಟಿದ್ದು 1912ರಲ್ಲಿ. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ಅವರು ತಮ್ಮಲ್ಲಿಗೆ ಬರಲೇಬೇಕೆಂದು ಉಪವಾಸ ಕುಳಿತು, ಬಂದ ಮೇಲೆ ತಮ್ಮ ಒಡವೆಗಳನ್ನು ಹರಿಜನ ನಿಧಿಗೆ ಬಿಚ್ಚಿಕೊಟ್ಟರು. ಟೆನಿಸ್ ಆಡುತ್ತಿದ್ದರು, ಈಜುತ್ತಿದ್ದರು, ವಿಧವೆಯರ ಬಗ್ಗೆ, ಬೇರೆ ಬೇರೆ ಜಾತಿಯವರ ಪ್ರೀತಿಯ ಬಗ್ಗೆ ಅಂದಿನ ಕಾಲಕ್ಕೆ ಅಳುಕಿಲ್ಲದ ಕತೆಗಳನ್ನು ಬರೆದರು. 1939ರ ಏಪ್ರಿಲ್‌ನಲ್ಲಿ ಹೊಳೆಯಲ್ಲಿ ಈಜಲು ಹೋಗಿ ಮುಳುಗಿದರು. ಬಿಟ್ಟುಹೋದದ್ದು ಇಪ್ಪತ್ತರ ಆಸುಪಾಸು ಕತೆಗಳನ್ನು, ಒಬ್ಬ ಎಳೆಯ ಮಗನನ್ನು.

ಆ ನೀರಿಗೆ ಏನೂ ಗೊತ್ತಿರಲಿಲ್ಲ. ಅವರು ಬದುಕಿದ್ದರೆ ಏನೇನು ಬರೆಯುತ್ತಿದ್ದರು ಎಂಬ ನಷ್ಟವನ್ನು ಯಾವ ತತ್ತ್ವವೂ ತುಂಬಿಕೊಡಲಾರದು, ತುಂಬಿಕೊಡುತ್ತೇನೆ ಎನ್ನಲೂಬಾರದು. ಆದರೆ ಬರೆದ ಆ ಕತೆಗಳು ಅರೆಬರೆಯವಲ್ಲ, ಪೂರ್ತಿಯಾದವು. ಇವತ್ತಿಗೂ ಓದಿಸಿಕೊಳ್ಳುತ್ತವೆ. ಬದುಕು ಮೊಟಕಾಯಿತು ಎನ್ನುವುದೂ ಬದುಕು ವ್ಯರ್ಥವಾಯಿತು ಎನ್ನುವುದೂ ಎರಡು ಬೇರೆ ಮಾತುಗಳು.

ನೀವು ಹೇಳುವುದೂ ಒಂದು ಸಮಾಧಾನದ ಸುಳ್ಳೇ ಅಲ್ಲವೇ? ಜತೆಗೆ, ಯಾರೂ ಇಲ್ಲದವನಿಗೆ ನಿಮ್ಮ ‘ಯಾರಿಗೆ’ ಏನು ಕೊಡುತ್ತದೆ?

ಸುಳ್ಳು ಎನ್ನಲು ನಾನು ಜಗತ್ತಿನ ಬಗ್ಗೆ ಯಾವುದಾದರೂ ಸಂಗತಿಯನ್ನು ಬಚ್ಚಿಟ್ಟಿರಬೇಕು. ಭೂಕಂಪ ಹಬ್ಬ ನೋಡುವುದಿಲ್ಲ, ಕ್ಯಾನ್ಸರ್ ನಡತೆ ನೋಡುವುದಿಲ್ಲ, ಸೂರ್ಯ ಆರುತ್ತಾನೆ. ಎಲ್ಲವನ್ನೂ ಹೇಳಿದ್ದೇನೆ.

ಎರಡನೆಯ ಪೆಟ್ಟು ತಗಲುತ್ತದೆ. ಅರ್ಥ ಮನುಷ್ಯರ ನಡುವೆ ಇದೆ ಎಂದ ಮೇಲೆ, ನಡುವೆ ಯಾರೂ ಇಲ್ಲದವರ ಗತಿಯೇನು? ಮಕ್ಕಳು ವಿದೇಶದಲ್ಲಿದ್ದು, ಸಂಗಾತಿ ತೀರಿಕೊಂಡು, ವೃದ್ಧಾಶ್ರಮದ ಕಿಟಕಿಯ ಬಳಿ ಕುಳಿತವರಿಗೆ ‘ನಿಮ್ಮ ಸುತ್ತಲಿನವರಿಗೆ ನೀವು ಮುಖ್ಯ’ ಎಂದರೆ ಅದು ಗೇಲಿಯಂತೆ ಕೇಳುತ್ತದೆ. ಕೈತೋಟ, ಓದು, ಸಂಗೀತ, ಒಂದು ಬೆಕ್ಕು, ಇವು ಎಷ್ಟೋ ಜನರನ್ನು ಉಳಿಸಿವೆ, ಎಲ್ಲರನ್ನೂ ಅಲ್ಲ. ‘ನೀವೇ ಅರ್ಥ ಹುಡುಕಿಕೊಳ್ಳಿ’ ಎಂದು ಅವರಿಗೆ ಉಪದೇಶಿಸಲು ನನಗೆ ಬಾಯಿ ಬರುವುದಿಲ್ಲ. ನನ್ನ ವಾದ ಸರಿಯಾದರೆ ಅಲ್ಲಿ ಕೊರತೆಯಿರುವುದು ಅವರ ಚಿಂತನೆಯಲ್ಲಲ್ಲ, ನಮ್ಮ ಭೇಟಿಯಲ್ಲಿ. ಹತ್ತಿರದ ವೃದ್ಧಾಶ್ರಮಕ್ಕೆ ಒಮ್ಮೆ ಹೋಗಿ ಬನ್ನಿ; ಮೊದಲೇ ಕರೆ ಮಾಡಿ ಹೋಗುವುದು ಒಳ್ಳೆಯದು.